ಕರಟದ ಕೆಂಡಕ್ಕೆ ಎದ್ದ ಚೈನು ಗಾಡಿ

ಮಾನ್ಯ ಓದುಗರ ಸನ್ನಿಧಿಗೆ,

ನೊಣವಿನಕೆರೆ ಸಮೀಪದ ಒಂದು ಸಣ್ಣ ಊರಿನ ನಿವಾಸಿಯಾದ ಗಿರಿಜಮ್ಮನಾದ ನಾನು ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುವುದೇನೆಂದರೆ, ನಾನು ಈವರೆಗೆ ಬರೆದಿರುವುದೆಲ್ಲ ಅರ್ಜಿಗಳು. ಊರಿನ ಹೆಂಗಸರ ವಿಧವಾ ವೇತನಕ್ಕೆ, ಪಡಿತರ ಚೀಟಿಗೆ, ಕೆಟ್ಟ ಬೋರ್‌ವೆಲ್ಲಿಗೆ ಬರೆದಿದ್ದೇನೆ. ನೆನಪನ್ನು ಬರೆಯುತ್ತಿರುವುದು ಇದೇ ಮೊದಲು. ಒಂದು ಕಾಲಕ್ಕೆ ದುಂಡಗಿದ್ದ ನನ್ನ ಅಕ್ಷರ ಕನ್ನಡಕ ಬಂದ ಮೇಲೆ ಸಾಲು ಬಿಟ್ಟು ಇಳಿಯುತ್ತದೆ. ಒತ್ತಕ್ಷರಗಳಲ್ಲಿ ಮೊದಲಿನಿಂದಲೂ ಧೈರ್ಯ ಸಾಲದು. ಆದ್ದರಿಂದ ಅಕ್ಷರದೋಷ, ಕಾಗುಣಿತದೋಷಗಳನ್ನು ಮನ್ನಿಸಿ, ಈ ಕೆಳಕಂಡ ವಿಷಯವನ್ನು ತಾಳ್ಮೆಯಿಂದ ಅವಗಾಹಿಸಬೇಕೆಂದು ಕೋರುತ್ತೇನೆ.

ವಿಷಯ: ನಾನು ಏಳನೆಯ ತರಗತಿಯಲ್ಲಿದ್ದಾಗ ನಮ್ಮ ತಂದೆಯವರು ಹರಾಜಿನಲ್ಲಿ ಕೊಂಡ ಹಳೆಯ ಚೈನು ಗಾಡಿಯನ್ನು ಕುರಿತು.

ಆ ಕಾಲದಲ್ಲಿ, ಅಂದರೆ ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ವರ್ಷಗಳಲ್ಲಿ, ನಮ್ಮ ಕಡೆ ರಬ್ಬರು ಗಾಲಿಯ ಟ್ರ್ಯಾಕ್ಟರೇ ಅಪರೂಪವಾಗಿತ್ತು. ತೋಟದ ಕೆಲಸವೆಲ್ಲ ಎತ್ತಿನ ಮೇಲೆ ನಡೆಯುತ್ತಿತ್ತು. ಮನೆಗಳಲ್ಲಿ ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟ ಕಾಯಿ, ಅಟ್ಟದ ಕೆಳಗೆ ನಾವು. ಮೇಲೆ ಇಲಿ ಓಡಿದರೆ ಒಣಗಿದ ಕಾಯೊಳಗಿನ ಗಿಟುಕು ಗುಡುಗುಡು ಎನ್ನುತ್ತಿತ್ತು. ಆ ಸದ್ದು ಕೇಳಿಸಿದರೆ ನಮ್ಮಜ್ಜಿ ನಿದ್ದೆಯಲ್ಲೇ, 'ಕಾಯಿ ಮಾತಾಡ್ತಾವೆ, ಇನ್ನೇನು ಒಡೀಬೌದು' ಎನ್ನುತ್ತಿದ್ದಳು. ಒಲೆಗೆ ಸಿಪ್ಪೆ, ಪಾತ್ರೆ ಉಜ್ಜಲು ನಾರು, ಬೆಂಕಿಗೆ ಕರಟ, ತಲೆಗೆ ಎಣ್ಣೆ. ತೆಂಗಿನದಲ್ಲದ ವಸ್ತು ಮನೆಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ.

ಆ ವರ್ಷದ ಶ್ರಾವಣದಲ್ಲಿ ನಮ್ಮ ತಂದೆ ಲಿಂಗಪ್ಪನವರು ಒಂದು ಜೊತೆ ಎತ್ತು ತರುವುದಾಗಿ ಹೇಳಿ ತುರುವೇಕೆರೆಯ ಕಡೆಗೆ ಹೋದರು. ಸಂಜೆ ಬಸ್ಸಿಳಿದು ಬಂದಾಗ ಕೈಯಲ್ಲಿ ಹಗ್ಗವಿರಲಿಲ್ಲ. ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಅಜ್ಜಿಯ ಮುಂದೆ ಇಟ್ಟರು.

'ಎತ್ತೆಲ್ಲಿ ಲಿಂಗ?' ಎಂದಳು ಅಜ್ಜಿ.

'ಎತ್ತು ತರ್ಲಿಲ್ಲ ಕಣವ್ವ. ಕೆರೆ ಏರಿ ಕಟ್ಟಿತ್ತಲ್ಲ, ಆ ಚೈನು ಗಾಡಿ, ಹರಾಜ್ ಹಾಕ್ತಿದ್ರು. ಕೂಗ್ಬುಟ್ಟೆ.'

'ಓಡ್ತೈತಾ?'

ತಂದೆಯವರು ಕಾಗದವನ್ನು ಮತ್ತೆ ಮಡಿಸಿದರು. 'ಓಡಿಸ್ಬೇಕು' ಎಂದರು.

ಅಜ್ಜಿ ಎದ್ದು ರಾಗಿ ಬೀಸಲು ಹೋದಳು. ಆ ಸಂಜೆ ಬೀಸುವ ಕಲ್ಲಿನ ಸದ್ದು ಎಂದಿಗಿಂತ ಜೋರಾಗಿತ್ತು. ಆಗ ನಮ್ಮವ್ವ ಬಾಣಂತನಕ್ಕೆಂದು ಕಂದಿಕೆರೆಯ ತವರಿನಲ್ಲಿದ್ದಳು. ಇಲ್ಲದಿದ್ದರೆ ಮನೆಯಲ್ಲಿ ಎರಡು ಕಲ್ಲುಗಳ ಸದ್ದು ಕೇಳಬೇಕಾಗುತ್ತಿತ್ತು.

ಮರುದಿನ ಪಕ್ಕದ ಮನೆಯ ಈರಣ್ಣ ಜಗಲಿಯ ಮೇಲೆ ಕುಳಿತು ಊರಿಗೆಲ್ಲ ಕೇಳುವಂತೆ ಹೇಳಿದ. 'ಎತ್ತು ತತ್ತೀನಿ ಅಂತ ಹೋದೋನು ಸತ್ತ ಆನೆ ಕೊಂಡ್ಕೊಂಡು ಬಂದವ್ನೆ ಕಣ್ರಪ್ಪ. ಅದನ್ನೂ ಅಲ್ಲೇ ಬುಟ್ಟು ಬಂದವ್ನೆ.'

'ಆನೆ ಸತ್ರೂ ಸಾವಿರ ಕಣ್ಲಾ ಈರ' ಎಂದು ತಂದೆಯವರು ನಕ್ಕರು. ಆದರೆ ಆ ನಗು ಮೀಸೆಯಿಂದ ಕೆಳಗೆ ಇಳಿಯಲಿಲ್ಲ.

ಸದರಿ ಯಂತ್ರದ ಮೇಲೆ ನಮ್ಮ ತಂದೆಯವರಿಗೆ ಅಷ್ಟು ಆಸೆ ಹುಟ್ಟಲು ಕಾರಣವನ್ನು ಇಲ್ಲಿ ತಿಳಿಸುವುದು ಅವಶ್ಯ. ಅವರು ನನಗಿಂತ ಚಿಕ್ಕ ಹುಡುಗನಾಗಿದ್ದಾಗ ನಮ್ಮೂರ ಕೆರೆಯ ಏರಿಯನ್ನು ಎತ್ತರಿಸಲು ಇಲಾಖೆಯವರು ಆ ಗಾಡಿಯನ್ನು ತಂದಿದ್ದರಂತೆ. ಯುದ್ಧದ ಕಾಲದಲ್ಲಿ ಹಡಗಿನಲ್ಲಿ ಬಂದ ಗಾಡಿ. ಗಾಲಿಗಳ ಜಾಗದಲ್ಲಿ ಕಬ್ಬಿಣದ ಪಟ್ಟಿಗಳ ಸರಪಣಿ. ಅದು ಮುಂದಿನ ಹಲಗೆಯಿಂದ ಮಣ್ಣನ್ನು ಹಿಟ್ಟಿನಂತೆ ತಳ್ಳಿಕೊಂಡು ಹೋಗುವುದನ್ನು ನೋಡುತ್ತ ತಂದೆಯವರು ಮೂರು ದಿನ ಶಾಲೆಗೆ ಹೋಗಲಿಲ್ಲವಂತೆ. ನಮ್ಮ ಬೋರೆ ಹೊಲ ಇಳಿಜಾರಿನಲ್ಲಿತ್ತು. ಬಿದ್ದ ಮಳೆ ನಿಲ್ಲದೆ ಹಳ್ಳಕ್ಕೆ ಓಡುತ್ತಿತ್ತು. ಅಲ್ಲಿ ಅಡ್ಡಡ್ಡಲಾಗಿ ಬದು ಹಾಕಿದರೆ ತೆಂಗು ನಿಲ್ಲುತ್ತದೆಂದು ಅವರು ಮದುವೆಗೆ ಮುಂಚಿನಿಂದಲೂ ಹೇಳುತ್ತಿದ್ದರಂತೆ. ಆದರೆ ಅದೊಂದೇ ಕಾರಣವಾಗಿರಲಿಲ್ಲ.

'ನಮ್ಮೂರಿಗೆ ನೀರು ನಿಲ್ಸಿದ ಗಾಡಿ ಕಣವ್ವ ಅದು' ಎಂದು ಅವರು ಒಂದು ದಿನ ನನಗೆ ಹೇಳಿದರು. 'ಗುಜರಿಯೋನು ಗ್ಯಾಸಲ್ಲಿ ತುಂಡು ತುಂಡು ಮಾಡ್ತಾನೆ ಅಂದ್ರು. ಕೈ ಅದಾಗೇ ಮೇಲೆ ಎದ್ಬುಡ್ತು.'

ಆದರೆ ಹರಾಜಿಗೆ ಒಂದು ಷರತ್ತಿತ್ತು. ದೀಪಾವಳಿಯೊಳಗೆ ಗಾಡಿಯನ್ನು ಇಲಾಖೆಯ ಅಂಗಳದಿಂದ ಹೊರಗೆ ಸಾಗಿಸತಕ್ಕದ್ದು. ತಪ್ಪಿದಲ್ಲಿ, ಅಂಗಳದಲ್ಲಿದ್ದ ಉಳಿದ ಕಬ್ಬಿಣವನ್ನು ಕೊಂಡಿದ್ದ ಗುಜರಿ ವ್ಯಾಪಾರಿಗೇ ಅದೂ ಸೇರತಕ್ಕದ್ದು. ಅಷ್ಟು ತೂಕವನ್ನು ಹೊರುವ ಲಾರಿ ನಮ್ಮ ಕಡೆ ಇರಲಿಲ್ಲ. ಹಾಗಾಗಿ ಗಾಡಿಯು ತಾನಾಗಿಯೇ ನಡೆದು ಹೊರಗೆ ಬರಬೇಕಿತ್ತು. ಇಲ್ಲವಾದರೆ ತುಂಡಾಗಬೇಕಿತ್ತು.

ತುರುವೇಕೆರೆಯ ಹೊರವಲಯದ ಆ ಅಂಗಳಕ್ಕೆ ನಾನು ಮೊದಲ ಸಲ ಹೋದ ಭಾನುವಾರ ಗಾಡಿ ಎಲ್ಲಿದೆಯೆಂದೇ ತಿಳಿಯಲಿಲ್ಲ. ಬೇಲಿಬಳ್ಳಿ ಅದರ ಮೇಲೆ ಹಬ್ಬಿ ಹೂ ಬಿಟ್ಟಿತ್ತು. ಸರಪಣಿಗಳು ಗೇಣುದ್ದ ನೆಲದೊಳಗೆ ಇಳಿದಿದ್ದವು. ಹೊಗೆ ಕೊಳವೆಯಲ್ಲಿ ಗುಬ್ಬಿ ಗೂಡು, ಕೂರುವ ಜಾಗದಲ್ಲಿ ಹಾವಿನ ಪೊರೆ. ತಂದೆಯವರು ಬಳ್ಳಿಯನ್ನು ಸರಿಸಿ ಅದರ ಮೂತಿಯ ಮೇಲೆ ಕೈಯಿಟ್ಟು ಸವರಿದರು. ಹಳದಿ ಬಣ್ಣದ ಹಕ್ಕಳೆ ಎದ್ದು, ಅದರಡಿಯಲ್ಲಿ ಮಿಲಿಟರಿಯ ಹಸಿರು ಕಾಣಿಸಿತು. ತುಕ್ಕಿನ ವಾಸನೆ, ಹಳೆಯ ಡೀಸೆಲ್ಲಿನ ವಾಸನೆ, ಬಳ್ಳಿ ಹೂವಿನ ವಾಸನೆ ಒಟ್ಟಿಗೆ ಬಂದವು. ಇಂದಿಗೂ ತುಕ್ಕು ಹಿಡಿದ ಕಬ್ಬಿಣವನ್ನು ಮುಟ್ಟಿದರೆ ನನಗೆ ಹೂವಿನ ನೆನಪಾಗುತ್ತದೆ.

ಗಾಡಿಯನ್ನು ರಿಪೇರಿ ಮಾಡಲು ಒಪ್ಪಿದವರು ದಸ್ತಗೀರ್ ಸಾಬರು. ಬಸ್ ಸ್ಟ್ಯಾಂಡಿನ ಹಿಂದೆ ಪಂಪ್‌ಸೆಟ್ಟು ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದರು. ಶಿರಾ ಕಡೆಯ ಬಯಲುಸೀಮೆಯವರು. ಹಿಂದೆ ಎಲ್ಲೋ ಅಣೆಕಟ್ಟು ಕಟ್ಟುವಾಗ ಇಂಥ ಗಾಡಿಗಳಿಗೆ ಗ್ರೀಸು ಹೊಡೆಯುತ್ತಿದ್ದರಂತೆ. ಅವರು ಒಂದು ಮಾರುದ್ದದ ಕೋಲನ್ನು ತಂದು, ಅದರ ಒಂದು ತುದಿಯನ್ನು ಇಂಜಿನ್ನಿಗೆ ಆನಿಸಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ತಂದೆಯವರಿಗೆ ಸುತ್ತಿಗೆಯಿಂದ ಅಲ್ಲಲ್ಲಿ ಮೆಲ್ಲನೆ ತಟ್ಟಲು ಹೇಳಿದರು. ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು.

'ಕಿವಿಗಿಂತ ಹಲ್ಲಿಗೆ ಚೆನ್ನಾಗಿ ಕೇಳ್ಸುತ್ತೆ ಬೇಟಾ' ಎಂದು ನನಗೆ ಹೇಳಿ, ತಂದೆಯವರ ಕಡೆ ತಿರುಗಿದರು. 'ಯಜಮಾನ್ರೇ, ಒಡೆದಿಲ್ಲ. ಜಾಮ್ ಆಗಿದೆ ಅಷ್ಟೆ. ಸತ್ತಿಲ್ಲ, ಸಿಟ್ಟು ಮಾಡ್ಕೊಂಡಿದೆ.'

ತಂದೆಯವರು ಈರಣ್ಣನಿಗೆ ಹೇಳಬೇಕಾದ ಮಾತು ಸಿಕ್ಕಿತೆಂದು ಬಹಳ ಸಂತೋಷಪಟ್ಟರು.

ಸಾಬರ ಕೆಲಸದ ಕ್ರಮವನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಅವರಿಗೆ ಕನ್ನಡ ಓದಲು ಬಾರದು. ನಮ್ಮ ತಂದೆಯವರು ಮೂರನೆಯ ತರಗತಿಗೆ ಶಾಲೆ ಬಿಟ್ಟವರು. ಆದ್ದರಿಂದ ಬರವಣಿಗೆಯ ಹೊಣೆ ನನ್ನದಾಯಿತು. ಎರಡು ಕಂಬಗಳ ನಡುವೆ ತೆಂಗಿನ ನಾರಿನ ಹಗ್ಗ ಕಟ್ಟಿದರು. ಬಿಚ್ಚಿದ ಪ್ರತಿಯೊಂದು ಭಾಗವನ್ನೂ, ಹಗುರವಾದದ್ದಾದರೆ, ಬಿಚ್ಚಿದ ವರಸೆಯಲ್ಲೇ ಆ ಹಗ್ಗಕ್ಕೆ ಪೋಣಿಸುವುದು. ಭಾರವಾದದ್ದನ್ನು ಅದೇ ವರಸೆಯಲ್ಲಿ ಗರಿಯ ಮೇಲೆ ಸಾಲಾಗಿ ಇಡುವುದು. ನಾನು ಕರಟದ ಚೂರುಗಳ ಮೇಲೆ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆದು ಪ್ರತಿಯೊಂದಕ್ಕೂ ಕಟ್ಟಬೇಕು. ನೋಟುಪುಸ್ತಕದಲ್ಲಿ ಆ ಸಂಖ್ಯೆಯ ಮುಂದೆ ಅದು ಎಲ್ಲಿತ್ತು, ಯಾವ ಕಡೆಗೆ ಮುಖ ಮಾಡಿತ್ತು ಎಂದು ಬರೆಯಬೇಕು. ಹೆಸರು ಗೊತ್ತಿಲ್ಲದ ಭಾಗಗಳಿಗೆ ಸಾಬರೂ ನಾನೂ ಕೂಡಿ ಹೆಸರಿಟ್ಟೆವು. ತಟ್ಟೆ ಇಡ್ಲಿ, ಬಸವನ ಕೊಂಬು, ಅಜ್ಜಿಯ ಕಡಗ. ದೊಡ್ಡ ಇಂಜಿನ್ನಿನ ಪಕ್ಕದಲ್ಲಿ ಪೆಟ್ರೋಲಿನಿಂದ ಓಡುವ ಒಂದು ಸಣ್ಣ ಇಂಜಿನ್ನಿತ್ತು. ಹಗ್ಗ ಸುತ್ತಿ ಎಳೆದರೆ ಅದು ಓಡಬೇಕು. ಅದು ಓಡಿ ದೊಡ್ಡದನ್ನು ತಿರುಗಿಸಬೇಕು. ಸಾಬರು ಅದನ್ನು ಮರಿ ಎನ್ನುತ್ತಿದ್ದರು.

'ಕರು ಕೂಗಿದ್ರೆ ತಾಯಿ ಏಳಲ್ವಾ? ಹಂಗೆ. ಮೊದ್ಲು ಮರಿನ ಎಬ್ಬಿಸೋಣ.'

ಪ್ರತಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟೊಡನೆ ನಾನೂ ತಂದೆಯವರೂ ಬಸ್ಸು ಹತ್ತುತ್ತಿದ್ದೆವು. ಅಜ್ಜಿ ಮುಖ ತಿರುಗಿಸಿಕೊಂಡೇ ಬುತ್ತಿ ಕಟ್ಟುತ್ತಿದ್ದಳು. ಆದರೆ ಬುತ್ತಿಯಲ್ಲಿ ಯಾವಾಗಲೂ ಮೂವರ ಊಟವಿರುತ್ತಿತ್ತು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಕೊಬ್ಬರಿ, ಬೆಲ್ಲ. ಸಾಬರು ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, 'ಅಮ್ಮನೋರ್ಗೆ ನನ್ ಸಲಾಮ್ ಹೇಳು' ಎನ್ನುತ್ತಿದ್ದರು. ನಾನು ಹೇಳಿದರೆ ಅಜ್ಜಿ, 'ಸಲಾಮು ಇರ್ಲಿ, ಆ ಕಬ್ಬಿಣದ ಮೂಟೆ ಯಾವಾಗ ಏಳ್ತೈತೆ ಕೇಳು' ಎನ್ನುತ್ತಿದ್ದಳು. ಕೆಲಸವಿಲ್ಲದಾಗ ನಾನು ನೆಲದ ಮೇಲೆ ಬಿಚ್ಚಿ ಹಾಸಿದ್ದ ಸರಪಣಿಯ ಪಟ್ಟಿಗಳ ಮೇಲೆ ಕುಂಟಾಬಿಲ್ಲೆ ಆಡುತ್ತಿದ್ದೆ. ಅಷ್ಟು ಉದ್ದದ ಕುಂಟಾಬಿಲ್ಲೆಯನ್ನು ನಮ್ಮ ಶಾಲೆಯಲ್ಲಿ ಯಾರೂ ಆಡಿರಲಿಲ್ಲ.

ಹೊಸ ಭಾಗಗಳು ಎಲ್ಲಿಯೂ ಸಿಗುತ್ತಿರಲಿಲ್ಲ. ಎಣ್ಣೆ ಸೋರದಂತೆ ಹಾಕುವ ವಾಷರುಗಳನ್ನು ಸಾಬರು ಹದ ಮಾಡಿದ ಚರ್ಮದಿಂದ ಕತ್ತರಿಸಿದರು. ಸರಪಣಿಯ ಸವೆದ ಗೂಟಗಳನ್ನು ಕುಲುಮೆಗೆ ಒಯ್ದು ಬಡಿಸಿದರು. ಜಾಮಾದ ಇಂಜಿನ್ನಿಗೆ ಸೀಮೆಎಣ್ಣೆ ಹುಯ್ದು, ವಾರಕ್ಕೊಮ್ಮೆ ಮರದ ತುಂಡು ಇಟ್ಟು ತಟ್ಟುತ್ತಿದ್ದರು. ಒಂದು ವಾರ, ಎರಡು ವಾರ, ಐದು ವಾರ. ಆರನೆಯ ಭಾನುವಾರ ಅದು ಒಂದು ಬೆರಳಿನಷ್ಟು ಜರುಗಿತು. ತಂದೆಯವರು ಇದ್ದಲ್ಲೇ ನೆಲದ ಮೇಲೆ ಕುಳಿತು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಅಷ್ಟರಲ್ಲಿ ದೀಪಾವಳಿ ಹತ್ತಿರವಾಯಿತು. ಗಾಡಿಯ ಅರ್ಧಭಾಗ ಇನ್ನೂ ಹಗ್ಗದ ಮೇಲಿತ್ತು. ಗುಜರಿ ವ್ಯಾಪಾರಿಯ ಆಳುಗಳು ಗ್ಯಾಸಿನ ಸಿಲಿಂಡರುಗಳನ್ನು ತಂದು ಅಂಗಳದ ಮೂಲೆಯಲ್ಲಿ ನಿಲ್ಲಿಸಿ, ಉಳಿದ ಕಬ್ಬಿಣವನ್ನು ಕತ್ತರಿಸಲು ಆರಂಭಿಸಿದ್ದರು. ನೀಲಿ ಬೆಂಕಿ ಸುಯ್ ಎಂದಾಗಲೆಲ್ಲ ತಂದೆಯವರ ಕೈ ನಿಲ್ಲುತ್ತಿತ್ತು.

'ಗಿರ್ಜಾ, ಇಂಜಿನಿಯರ್ ಸಾಹೇಬ್ರಿಗೆ ಒಂದು ಅರ್ಜಿ ಬರಿಯವ್ವ. ಇನ್ನೊಂದಿಷ್ಟು ದಿನ ಕೊಡಿ ಅಂತ.'

ನನಗೆ ಅರ್ಜಿ ಬರೆದು ಗೊತ್ತಿರಲಿಲ್ಲ. ಮಾದರಿಗೆಂದು ನನ್ನ ಬಳಿ ಇದ್ದದ್ದು ತಂದೆಯವರ ಜೇಬಿನಲ್ಲಿದ್ದ ಹರಾಜಿನ ಕಾಗದವೊಂದೇ. ಅದನ್ನೇ ಮುಂದಿಟ್ಟುಕೊಂಡು, ಅದರಲ್ಲಿದ್ದ 'ಸದರಿ', 'ಮೇಲ್ಕಂಡ', 'ಈ ಮೂಲಕ' ಎಲ್ಲವನ್ನೂ ಒಂದೂ ಬಿಡದೆ ಸೇರಿಸಿ ಬರೆದೆ. ಸದರಿ ಗಾಡಿಯು ನಮ್ಮ ಕೆರೆ ಕಟ್ಟಿದ್ದೆಂದೂ, ಆರು ವಾರದ ಮೇಲೆ ಬೆರಳಿನಷ್ಟು ಜರುಗಿದೆಯೆಂದೂ, ಅದು ಸತ್ತಿಲ್ಲವೆಂದೂ ಬರೆದೆ. ಕಾಗದದ ಕೊನೆಯಲ್ಲಿದ್ದ ಸಾಲು ಬಹಳ ಗಂಭೀರವಾಗಿ ಕಂಡದ್ದರಿಂದ ಅದನ್ನೂ ಕೊನೆಗೆ ಹಾಕಿದೆ: 'ತಪ್ಪಿದಲ್ಲಿ ತಮ್ಮ ಮೇಲೆ ಸೂಕ್ತ ಕ್ರಮ ಜರುಗಿಸಲಾಗುವುದು.'

ಇಲಾಖೆಯ ಕಚೇರಿಯಲ್ಲಿ ಇಂಜಿನಿಯರ್ ಸಾಹೇಬರು ಅರ್ಜಿಯನ್ನು ನಿಂತೇ ಓದಲು ಆರಂಭಿಸಿ, ಆಮೇಲೆ ಕುಳಿತು ಓದಿದರು. ಕೊನೆಯ ಸಾಲಿಗೆ ಬಂದಾಗ ತಲೆಯೆತ್ತಿದರು.

'ಯಾರು ಬರೆದದ್ದು ಇದನ್ನು?'

ತಂದೆಯವರು ನನ್ನನ್ನು ಮುಂದಕ್ಕೆ ತಳ್ಳಿದರು.

'ನನ್ನ ಮೇಲೆ ಏನು ಕ್ರಮ ಜರುಗಿಸುತ್ತೀಯಮ್ಮಾ?'

'ಗೊತ್ತಿಲ್ಲ ಸಾರ್. ಅದ್ರಲ್ಲಿ ಹಂಗೇ ಇತ್ತು.'

ಅವರು ನಗಲಿಲ್ಲ. ಕೆಂಪು ಶಾಯಿಯ ಪೆನ್ನನ್ನು ತೆಗೆದು ಆ ಸಾಲನ್ನು ಹೊಡೆದು ಹಾಕಿದರು. ಮೇಲಿನಿಂದ ಮತ್ತೊಮ್ಮೆ ಓದಿ, ತಪ್ಪಿದ್ದ ಕಡೆಯೆಲ್ಲ ಒಂದೊಂದಾಗಿ ತಿದ್ದಿದರು. ಅನಂತರ ಕೆಳಗೆ ಬರೆದರು. ಸಂಕ್ರಾಂತಿಯ ಹಿಂದಿನ ದಿನದ ಸೂರ್ಯಾಸ್ತದವರೆಗೆ ಕಾಲಾವಕಾಶ ನೀಡಲಾಗಿದೆ. ಟಾರು ರಸ್ತೆಗೆ ಹಾನಿಯಾಗಕೂಡದು. ಮುಂದೆ ಕಾಲಾವಕಾಶ ಕೇಳಕೂಡದು.

ನಾನು ಕೆಂಪು ಗೆರೆಗಳನ್ನು ನೋಡುತ್ತ ಅಳುವಂತಾಗಿದ್ದೆ. ಅದನ್ನು ಗಮನಿಸಿ ಅವರು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. 'ತಿದ್ದಿದವರ ಮೇಲೆ ಬೇಸರ ಮಾಡಿಕೊಳ್ಳಬೇಡ. ಓದದೆ ಇರುವವರು ತಿದ್ದುವುದಿಲ್ಲ.'

ಮಾರ್ಗಶಿರ ಕಳೆಯುವ ಹೊತ್ತಿಗೆ ಹಗ್ಗ ಖಾಲಿಯಾಗತೊಡಗಿತು. ನಾನು ಪುಸ್ತಕವನ್ನು ಕೊನೆಯಿಂದ ಮೊದಲಿಗೆ ಓದುತ್ತಿದ್ದೆ, ಸಾಬರು ಒಂದೊಂದನ್ನೇ ಕೂರಿಸುತ್ತಿದ್ದರು. ಎಲ್ಲವೂ ಮುಗಿದ ಮೇಲೆ ಒಂದು ಬೋಲ್ಟು ಉಳಿಯಿತು. ಅದಕ್ಕೆ ಕರಟದ ಚೂರು ಇರಲಿಲ್ಲ. ನಾನು ಹೆದರಿ ಮೊದಲಿನಿಂದ ಪುಸ್ತಕ ನೋಡಲು ಹೋದೆ.

'ಬಿಡು ಬೇಟಾ' ಎಂದರು ಸಾಬರು. 'ಎಷ್ಟೇ ಚೆನ್ನಾಗಿ ಕೂರಿಸಿದ್ರೂ ಒಂದು ಉಳೀಬೇಕು. ಇಲ್ಲಾಂದ್ರೆ ಮೆಕ್ಯಾನಿಕ್‌ಗೆ ಗರ್ವ ಬರುತ್ತೆ. ನೀನು ಇಟ್ಕೋ.'

ಸಂಕ್ರಾಂತಿಗೆ ಎರಡು ದಿನವಿತ್ತು. ಹೊರಡುವ ಮುನ್ನ ಇಂಜಿನ್ನಿನ ಹೊಟ್ಟೆಯನ್ನು ಒಮ್ಮೆ ಒಳ್ಳೆಯ ಎಣ್ಣೆಯಿಂದ ತೊಳೆಯಬೇಕೆಂದು ಸಾಬರು ಹೇಳಿದರು. ತೊಳೆದ ಎಣ್ಣೆಯನ್ನು ಹೊರಡುವ ಬೆಳಿಗ್ಗೆ ಬಸಿದು ಹೊಸ ಇಂಜಿನ್ ಎಣ್ಣೆ ಹುಯ್ಯಬೇಕು. ಹೊಸ ಎಣ್ಣೆ ಸಿಕ್ಕಿದ್ದು ಪ್ರಯಾಣಕ್ಕೆ ಸಾಕಾಗುವಷ್ಟು ಮಾತ್ರ. ತೊಳೆಯುವುದಕ್ಕೆ ಏನು ಮಾಡುವುದು?

'ಎಣ್ಣೆಗೆ ನಮ್ಮಲ್ಲಿ ಬರವಾ ಸಾಬ್ರೇ?' ಎಂದರು ತಂದೆಯವರು. ಗಾಣದಲ್ಲಿ ಆಗ ತಾನೇ ಆಡಿಸಿದ ಕೊಬ್ಬರಿ ಎಣ್ಣೆಯನ್ನು ಎರಡು ಡಬ್ಬ ತಂದರು. ಸಾಬರು ಅದನ್ನು ಬಿಸಿಲಿಗೆ ಹಿಡಿದು, 'ನೀರಿನ ಹಂಗಿದೆ, ಭೇಷಾಗಿದೆ' ಎಂದು ಹುಯ್ದರು. ಮರಿ ಇಂಜಿನ್ನು ಅಂದು ಮಧ್ಯಾಹ್ನದ ಬಿಸಿಲಿನಲ್ಲಿ ಮೂರನೆಯ ಎಳೆತಕ್ಕೆ ಕೂಗಿತು. ದೊಡ್ಡ ಇಂಜಿನ್ನನ್ನು ಕಾಲು ಗಂಟೆ ಸುಮ್ಮನೆ ತಿರುಗಿಸಿ ತೊಳೆದರು. ಹುರಿದ ಕೊಬ್ಬರಿಯ ವಾಸನೆ ಅಂಗಳದಲ್ಲೆಲ್ಲ ಹರಡಿತು. ಗುಜರಿಯ ಆಳುಗಳು ಕೆಲಸ ನಿಲ್ಲಿಸಿ, 'ಏನ್ ಯಜಮಾನ್ರೇ, ಗಾಡಿಗೆ ಒಗ್ಗರಣೆ ಹಾಕಿದ್ರಾ?' ಎಂದು ನಕ್ಕರು.

ಕೊನೆಯ ದಿನ ನಾನೂ ತಂದೆಯವರೂ ಮೊದಲ ಬಸ್ಸಿಗೆ ಹೋಗಿ ಇಳಿದಾಗ ಬಾಯಿಂದ ಹೊಗೆ ಬರುವಷ್ಟು ಚಳಿಯಿತ್ತು. ಅವರೆಕಾಯಿಯ ಹೊಲಗಳ ಮೇಲೆ ಮಂಜು ನಿಂತಿತ್ತು. ಸಾಬರು ಮಫ್ಲರ್ ಸುತ್ತಿಕೊಂಡು ಗಾಡಿಯ ಹೊಟ್ಟೆಯಡಿಗೆ ನುಸುಳಿ ಬಿರಡೆಯನ್ನು ಬಿಚ್ಚಿದರು. ಕೆಳಗೆ ಡಬ್ಬ ಇಟ್ಟಿದ್ದೆವು.

ಒಂದು ಹನಿಯೂ ಬೀಳಲಿಲ್ಲ.

ಸಾಬರು ಟಾರ್ಚು ಹಾಕಿ ನೋಡಿದರು. ತೂತಿನ ತುಂಬ ಕಪ್ಪಗೆ ಏನೋ ಮೆತ್ತಿಕೊಂಡಂತೆ ಕಂಡಿತು, ಅಷ್ಟೆ. ನೆಲವನ್ನು ಮುಟ್ಟಿ ನೋಡಿದರು. ಒಣಗಿತ್ತು.

'ಎರಡು ಡಬ್ಬ ಎಣ್ಣೆ ಎಲ್ಲಿಗೆ ಹೋಯ್ತು?' ಎಂದರು ತಂದೆಯವರು.

ಸಾಬರು ಮರಿಯನ್ನು ಎಬ್ಬಿಸಿ ನೋಡಿದರು. ಅದು ಕೂಗಿತು. ದೊಡ್ಡದಕ್ಕೆ ಜೋಡಿಸಿದೊಡನೆ ಗಂಟಲು ಹಿಸುಕಿದಂತೆ ನಿಂತುಹೋಯಿತು. ಮತ್ತೆ ಎಳೆದರು, ಮತ್ತೆ ನಿಂತಿತು. ಕೋಲನ್ನು ಹಲ್ಲಿನಲ್ಲಿ ಕಚ್ಚಿ ಕೇಳಿದರು. ಆಮೇಲೆ ಕೋಲನ್ನು ಕೆಳಗಿಟ್ಟರು. ಅವರು ಕೋಲನ್ನು ನೆಲಕ್ಕೆ ಹಾಕಿದ್ದನ್ನು ನಾನು ಅದೇ ಮೊದಲು ನೋಡಿದ್ದು.

'ಒಳಗೆ ಬಿರುಕು ಬಿಟ್ಟಿರ್ಬೇಕು ಯಜಮಾನ್ರೇ. ಎಣ್ಣೆ ಎಲ್ಲೋ ಒಳಗೇ ಸೇರ್ಕೊಂಡಿದೆ. ಇಂಜಿನ್ ಮತ್ತೆ ಹಿಡ್ಕೊಂಡಿದೆ. ಬಿಚ್ಬೇಕು.'

'ಎಷ್ಟ್ ಹೊತ್ತಾಗ್ತೈತೆ?'

'ಎರಡು ದಿನ.'

ಸಂಜೆಗೆ ಗಡುವು. ಅಂಗಳದ ಮೂಲೆಯಲ್ಲಿ ಗುಜರಿಯ ಆಳೊಬ್ಬ ಸಿಲಿಂಡರನ್ನು ಉರುಳಿಸಿಕೊಂಡು ನಮ್ಮ ಕಡೆಗೆ ತಂದು ನಿಲ್ಲಿಸಿದ. ಅವನದು ತಪ್ಪಲ್ಲ, ಅವನಿಗೂ ಕೆಲಸ ಮುಗಿಯಬೇಕಿತ್ತು. ತಂದೆಯವರು ಸರಪಣಿಯ ಮೇಲೆ ಕುಳಿತು ಅದರ ಪಟ್ಟಿಯನ್ನು ಸವರುತ್ತಿದ್ದರು. ಸಾಬರು ಸ್ಪ್ಯಾನರನ್ನು ಮೊದಲ ನಟ್ಟಿಗೆ ಹಾಕಿದ್ದರು. ನಾನು ನೋಟುಪುಸ್ತಕದ ಹೊಸ ಹಾಳೆಯನ್ನು ತೆರೆದು ಒಂದು ಎಂದು ಬರೆದೆ. ಆ ಒಂದು ಎಂಬ ಅಂಕಿಯ ಮೇಲೆ ನನ್ನ ಕಣ್ಣೀರು ಬಿದ್ದ ಕಲೆ ಇಂದಿಗೂ ಇದೆ.

ಆಗ ಗೇಟಿನಲ್ಲಿ ಎತ್ತಿನ ಗಾಡಿಯ ಗೆಜ್ಜೆ ಕೇಳಿಸಿತು. ನಮ್ಮಜ್ಜಿ. ಈರಣ್ಣನ ಗಾಡಿಯಲ್ಲಿ ಬುತ್ತಿಯ ಮಂಕರಿ ಇಟ್ಟುಕೊಂಡು ಬಂದಿದ್ದಳು. ಐದು ತಿಂಗಳಿನಲ್ಲಿ ಅವಳು ಅಲ್ಲಿಗೆ ಬಂದದ್ದು ಅದೇ ಮೊದಲು.

'ನಡಿಯೋ ಆನೇನ ನೋಡಾಣ ಅಂತ ಕರ್ಕೊಂಡ್ ಬಂದೆ' ಎಂದ ಈರಣ್ಣ. ನಮ್ಮ ಮುಖಗಳನ್ನು ನೋಡಿ ಮುಂದಿನ ಮಾತನ್ನು ನುಂಗಿಕೊಂಡ.

ಅಜ್ಜಿ ವಿಷಯವನ್ನೆಲ್ಲ ಕೇಳಿದಳು. 'ಯಾವ ಎಣ್ಣೆ ಹುಯ್ದಿದ್ರಿ?' ಎಂದಳು.

'ಗಾಣದ್ದೇ ಕಣವ್ವ, ಕೊಬ್ಬರಿದು.'

ಅಜ್ಜಿ ಸೆರಗು ಸಿಕ್ಕಿಸಿಕೊಂಡು ಗಾಡಿಯಡಿಗೆ ಬಗ್ಗಿದಳು. ಆ ತೂತಿನೊಳಗೆ ಬೆರಳು ಹಾಕಿ ಒಂದಿಷ್ಟು ಕೆರೆದು ತೆಗೆದಳು. ಮಸಿ ಬೆರೆತ ಬೆಣ್ಣೆಯಂತಿತ್ತು. ಮೂಗಿಗೆ ಹಿಡಿದಳು. ಆಮೇಲೆ ಆ ಬೆರಳನ್ನು ತಂದೆಯವರ ಮೂಗಿಗೆ ಹಿಡಿದಳು.

'ಲೇ ಲಿಂಗ. ತೆಂಗಿನ ಮರದ ಕೆಳಗೆ ಹುಟ್ದೋನಲ್ವೇನ್ಲಾ ನೀನು? ದಿನಾ ಬೆಳಗ್ಗೆ ಈ ಮಗೀನ ತಲೆಗೆ ಹಚ್ಚೋ ಎಣ್ಣೆ ಸೀಸೆ ಎಲ್ಲಿಡ್ತೀನಿ ನಾನು?'

ತಂದೆಯವರು ಹಣೆ ಚಚ್ಚಿಕೊಂಡರು. ಪುಷ್ಯ ಮಾಸದಲ್ಲಿ ನಮ್ಮ ಮನೆಯ ಎಣ್ಣೆ ಸೀಸೆ ಹಂಡೆ ಒಲೆಯ ಪಕ್ಕದಲ್ಲಿರುತ್ತಿತ್ತು. ಬೆಳಿಗ್ಗೆ ಎಣ್ಣೆ ಕಲ್ಲಾಗಿರುತ್ತದೆಂಬುದು ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ಆದರೆ ಅದು ತಲೆಗೆ ಹಚ್ಚುವ ಎಣ್ಣೆ. ಇಂಜಿನ್ನಿನ ಹೊಟ್ಟೆಗೆ ಹೋದ ಮೇಲೆ ಅದು ನಮ್ಮ ಕಣ್ಣಿಗೆ ಬೇರೆಯೇ ವಸ್ತುವಾಗಿ ಕಂಡಿತ್ತು.

'ನಮ್ ಮನೇಲಿ ಕಡ್ಲೆಕಾಯಿ ಎಣ್ಣೆ ಅಮ್ಮನೋರೆ' ಎಂದರು ಸಾಬರು, ಸ್ಪ್ಯಾನರನ್ನು ಹಿಂದಕ್ಕೆ ತೆಗೆಯುತ್ತ. 'ಇದು ಹಿಂಗೆ ಮೋಸ ಮಾಡುತ್ತೆ ಅಂತ ಗೊತ್ತಿರ್ಲಿಲ್ಲ.'

'ಎಣ್ಣೆ ಮೋಸ ಮಾಡ್ಲಿಲ್ಲ ಕಣಪ್ಪ. ಅದಕ್ಕೆ ಚಳಿ ಆಗೈತೆ. ಕರಟ ಹಾಕಿ ಬೆಂಕಿ ಮಾಡ್ರಿ. ಉರಿ ಬ್ಯಾಡ, ಕೆಂಡ.'

ಈರಣ್ಣ ಯಾರೂ ಹೇಳುವ ಮುಂಚೆಯೇ ಎತ್ತಿನ ಗಾಡಿ ತಿರುಗಿಸಿಕೊಂಡು ಹೋಗಿ, ಹತ್ತಿರದ ತೋಟದ ಮನೆಯಿಂದ ಎರಡು ಮೂಟೆ ಕರಟವನ್ನೂ ಒಂದು ಮೊರವನ್ನೂ ತಂದ. ದೂರದಲ್ಲಿ ಹೊತ್ತಿಸಿ, ಉರಿ ಇಳಿದು ಕೆಂಡವಾದ ಮೇಲೆ, ಸಿಲಿಂಡರುಗಳನ್ನು ಆಚೆ ಸಾಗಿಸಿ, ಕೆಂಡವನ್ನು ತಗಡಿನ ಮೇಲೆ ಹರಡಿ ಹೊಟ್ಟೆಯಡಿಗೆ ತಳ್ಳಿದರು. ಅಜ್ಜಿ ಮೊರದಿಂದ ಗಾಳಿ ಬೀಸುತ್ತ ಕುಳಿತಳು. ಹಂಡೆ ಕಾಯಿಸುವವಳ ಮುಖದಲ್ಲಿರುವ ಅದೇ ನೆಮ್ಮದಿ ಇತ್ತು. ನಾವೆಲ್ಲ ತೂತನ್ನೇ ನೋಡುತ್ತಿದ್ದೆವು. ಬಹಳ ಹೊತ್ತಿನ ಮೇಲೆ ಒಂದು ಕಪ್ಪು ಹನಿ ಇಣುಕಿತು. ಜೋತಾಡಿತು. ಕೆಂಡವನ್ನು ಸರಸರನೆ ಈಚೆಗೆ ಎಳೆದು ಡಬ್ಬ ಇಟ್ಟೆವು. ಹನಿ ನೂಲಾಯಿತು, ನೂಲು ಹಗ್ಗವಾಯಿತು. ಎರಡು ಡಬ್ಬವೂ ತುಂಬಿದವು.

ಹೊಸ ಎಣ್ಣೆ ಹುಯ್ದು, ಸಾಬರು ಹಗ್ಗ ಸುತ್ತಿ ಎಳೆದರು. ಮರಿ ಕೂಗಿತು. ತಾಯಿಗೆ ಜೋಡಿಸಿದರು. ಒಂದು ನಿಟ್ಟುಸಿರು, ಇನ್ನೊಂದು, ಆಮೇಲೆ ಹೊಗೆ ಕೊಳವೆಯಿಂದ ಗುಬ್ಬಿ ಗೂಡಿನ ಉಳಿದ ಹುಲ್ಲೆಲ್ಲ ಆಕಾಶಕ್ಕೆ ಹಾರಿತು. ನೆಲ ನಡುಗಿತು. ನನ್ನ ಎದೆಯೊಳಗೆ ಯಾರೋ ನಡೆಯುತ್ತಿರುವಂತಾಯಿತು. ಗುಜರಿಯ ಆಳು ತಲೆಗೆ ಸುತ್ತಿದ್ದ ಬಟ್ಟೆ ತೆಗೆದು ಬೀಸಿದ. ತಂದೆಯವರು ಕೂಗಿ ಏನೋ ಹೇಳುತ್ತಿದ್ದರು, ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಸಾಬರು ಮಾತ್ರ ಕೋಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು.

ಮಧ್ಯಾಹ್ನದೊಳಗೆ ಗಾಡಿ ಗೇಟು ದಾಟಿತು. ಹೊಲದ ದಾರಿ, ಕೆರೆಯಂಗಳ, ಬಂಡಿ ಜಾಡು ಹಿಡಿದು ಆರು ಮೈಲಿ. ಒಂದೇ ಕಡೆ ಟಾರು ರಸ್ತೆಯನ್ನು ದಾಟಬೇಕಿತ್ತು. ಅಲ್ಲಿಗೆ ಬಂದಾಗ ಈರಣ್ಣ ಮುಂಚೆಯೇ ಹೋಗಿ ನಾಲ್ಕು ಗಾಡಿ ತೆಂಗಿನ ಸಿಪ್ಪೆ ಸುರಿಸಿದ್ದ. ಅಕ್ಕಪಕ್ಕದ ತೋಟದವರು ಮೇಲೆ ಗರಿ ಹಾಸುತ್ತಿದ್ದರು. ಬಸ್ಸೊಂದು ನಿಂತಿತ್ತು, ಅದರ ಡ್ರೈವರೂ ಇಳಿದು ಗರಿ ಎಳೆಯುತ್ತಿದ್ದ.

'ಅಗಲ ಹಾಸ್ರಲಾ' ಎಂದು ಈರಣ್ಣ ಕೂಗುತ್ತಿದ್ದ. 'ರೋಡಿಗೆ ಒಂದು ಗೀರು ಬಿದ್ರೂ ನಮ್ ಗಿರ್ಜವ್ವ ನಿಮ್ಮೇಲೆ ಕ್ರಮ ಜರುಗಿಸ್ತಾಳೆ.'

ಅಷ್ಟು ಭಾರದ ಕಬ್ಬಿಣ ಆ ಸಿಪ್ಪೆಯ ಮೇಲೆ ಹಾಸಿಗೆಯ ಮೇಲೆ ನಡೆದಂತೆ ದಾಟಿ ಹೋಯಿತು. ಸಿಪ್ಪೆ ಸರಿಸಿ ನೋಡಿದಾಗ ಟಾರಿನ ಮೇಲೆ ಒಂದು ಗೆರೆಯೂ ಇರಲಿಲ್ಲ. ಹೊತ್ತು ಮುಳುಗುವ ಮುನ್ನ ಗಾಡಿ ನಮ್ಮ ಕೆರೆ ಏರಿಯ ಮೇಲೆ, ತಾನೇ ಕಟ್ಟಿದ ಏರಿಯ ಮೇಲೆ, ನಡೆದು ಊರಿಗೆ ಬಂದಿತು. ಚಾಲಕನ ಜಾಗದಲ್ಲಿ ಸಾಬರಿದ್ದರು. ತಂದೆಯವರು ಪಕ್ಕದಲ್ಲಿ ನಡೆದುಕೊಂಡು ಬಂದರು. ಹತ್ತಿ ಕುಳಿತುಕೊಳ್ಳಿ ಎಂದರೂ ಹತ್ತಲಿಲ್ಲ. ಹುಡುಗನಾಗಿದ್ದಾಗ ಹೇಗೆ ನಡೆದಿದ್ದರೋ ಹಾಗೆಯೇ ನಡೆಯಬೇಕೆಂದಿರಬಹುದು.

ಅನಂತರ ಆ ಗಾಡಿ ನಮ್ಮ ಬೋರೆಗೆ ಬದು ಹಾಕಿತು. ಈರಣ್ಣನ ಹೊಲಕ್ಕೂ ಹಾಕಿತು. ಸುತ್ತಣ ಊರುಗಳಲ್ಲಿ ಆಗ ಹಾಕಿದ ಬದುಗಳ ಹಿಂದೆ ಇಂದು ಹತ್ತಾಳೆತ್ತರದ ತೆಂಗಿನ ಮರಗಳಿವೆ. ದಸ್ತಗೀರ್ ಸಾಬರು ತೀರಿಕೊಂಡ ಮೇಲೆ ಮರಿ ಯಾರ ಕೈಗೂ ಕೂಗಲಿಲ್ಲ. ತಂದೆಯವರು ಇರುವವರೆಗೂ ಗಾಡಿಯನ್ನು ಗುಜರಿಗೆ ಕೊಡಲಿಲ್ಲ, ನಾನೂ ಕೊಟ್ಟಿಲ್ಲ. ಬೋರೆಯ ಮೊದಲ ಬದುವಿನ ಬಳಿ ನಿಂತಿದೆ. ಬೇಲಿಬಳ್ಳಿ ಮತ್ತೆ ಹಬ್ಬಿದೆ.

ಈಗ ಮಣ್ಣಿನ ಕೆಲಸಕ್ಕೆ ಫೋನು ಮಾಡಿದರೆ ಅರ್ಧ ಗಂಟೆಯಲ್ಲಿ ಯಂತ್ರ ಬರುತ್ತದೆ. ಕೆಲಸ ಮುಗಿಸಿ ಹೋಗುತ್ತದೆ. ಅದರ ಒಳಗೆ ಏನಿದೆಯೆಂದು ನಮಗೆ ಗೊತ್ತಿಲ್ಲ, ಓಡಿಸುವವನ ಹೆಸರೂ ಗೊತ್ತಿಲ್ಲ. ಅದು ದಾಟುವಾಗ ಸಿಪ್ಪೆ ಹಾಸಬೇಕಾಗಿಲ್ಲ. ನನ್ನ ಮೊಮ್ಮಗಳ ತಲೆಗೆ ಹಚ್ಚುವ ಎಣ್ಣೆಯನ್ನು ಅಂಗಡಿಯಿಂದ ತರುತ್ತಾರೆ. ಹೋದ ಪುಷ್ಯದಲ್ಲಿ ನಾನು ಅಭ್ಯಾಸಬಲದಿಂದ ಆ ಸೀಸೆಯನ್ನು ಒಲೆಯ ಬಳಿ ಇಡಲು ಹೋದೆ. 'ಯಾಕಜ್ಜಿ? ಇದು ಗಟ್ಟಿ ಆಗಲ್ಲ' ಎಂದಳು ಮಗು. ಬಗ್ಗಿಸಿ ನೋಡಿದೆ. ಅಂಥ ಚಳಿಯಲ್ಲೂ ನೀರಿನಂತೆ ಅಲುಗುತ್ತಿತ್ತು. ಯಾರ ಕೆಂಡಕ್ಕೂ ಕಾಯಬೇಕಾಗಿರಲಿಲ್ಲ.

ಆ ದಿನವೇ ಇದನ್ನು ಬರೆಯಬೇಕೆಂದು ತೀರ್ಮಾನಿಸಿದೆ. ಬರೆಯುವಾಗ ಕಾಗದ ಹಾರದಂತೆ ಆ ಉಳಿದ ಬೋಲ್ಟನ್ನು ಮೇಲಿಟ್ಟಿದ್ದೇನೆ.

ಆದಕಾರಣ ಮಾನ್ಯ ಓದುಗರು ಮೇಲ್ಕಂಡ ಬರಹದಲ್ಲಿ ಕಂಡುಬರುವ ತಪ್ಪುಗಳನ್ನು, ಸಾಧ್ಯವಾದಲ್ಲಿ ಕೆಂಪು ಶಾಯಿಯಲ್ಲಿಯೇ, ತಿದ್ದಬೇಕಾಗಿ ವಿನಂತಿ. ಎಷ್ಟು ತಿದ್ದಿದರೂ ಬೇಸರವಿಲ್ಲ. ಅಷ್ಟನ್ನು ತಾವು ಓದಿದ್ದೀರೆಂದು ತಿಳಿಯುತ್ತೇನೆ.

ಇಂತಿ ತಮ್ಮ ವಿಧೇಯಳಾದ,
ಗಿರಿಜಮ್ಮ